ದವಡೆ ಕೀಲಿನೊಳಗೆ ಹರಳು

ಚಕ್ಕುಲಿ ಕಡಿಯುವಾಗ ಕಿವಿಯ ಮುಂದೆ ‘ಟಕ್’ ಅನ್ನೋ ಸದ್ದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತು. ಅಲ್ಲಿರೋದು ದವಡೆ ಕೀಲು. ಈ ಕೀಲಿನ ನೋವುಗಳನ್ನು ಹೇಗೆ ವಿಂಗಡಿಸಬೇಕು ಅನ್ನೋ ಒಂದು ಮುಖ್ಯ ಪದ್ಧತಿ ಹುಟ್ಟಿದ್ದು ಸಿಯಾಟಲ್‌ನಲ್ಲಿ. 1992ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಡ್ವಾರ್ಕಿನ್ ಮತ್ತು ಲಿಂಡಾ ಲೆರೆಶ್ ಅದನ್ನು ಪ್ರಕಟಿಸಿದರು. ಕೀಲನ್ನು ಪರೀಕ್ಷಿಸಿದರೆ ಸಾಲದು, ನೋವು ಆ ಮನುಷ್ಯನ ಬದುಕನ್ನು ಎಷ್ಟು ಹಿಡಿದಿಟ್ಟಿದೆ ಅಂತಲೂ ಅಳೆಯಬೇಕು ಅಂದರು. 2014ರಲ್ಲಿ ಪರಿಷ್ಕೃತ ರೂಪ ಬಂತು.

ಆ ಪದ್ಧತಿ ಹೆಚ್ಚಾಗಿ ಕಾಣೋ ತೊಂದರೆಗಳಿಗಾಗಿ ಮಾಡಿದ್ದು: ಸ್ನಾಯು ನೋವು, ಜಾರಿದ ಡಿಸ್ಕ್, ಸವೆತ. ಇವತ್ತು ನಾವು ಹೇಳ್ತಿರೋದು ಅಪರೂಪದ ಒಂದು ಕಾಯಿಲೆ. ಕೀಲಿನ ಮೃದ್ವಸ್ಥಿಯಲ್ಲಿ ಕ್ಯಾಲ್ಸಿಯಂ ಪೈರೋಫಾಸ್ಫೇಟ್ ಹರಳುಗಳು ಕೂರುತ್ತವೆ. ಮಂಡಿ, ಮಣಿಕಟ್ಟಿನಲ್ಲಿ ಇದು ವಯಸ್ಸಾದವರಿಗೆ ಸಾಮಾನ್ಯ. ದವಡೆಗೆ ಬಂದಾಗ ಮಾತ್ರ ಎಡವಟ್ಟು.

ಯಾಕೆ ಅಂದ್ರೆ, ಅದು ಗೆಡ್ಡೆಯ ವೇಷ ಹಾಕಿಕೊಂಡು ಬರುತ್ತೆ. ಕಿವಿಯ ಮುಂದೆ ಊತ, ಬಾಯಿ ಪೂರ್ತಿ ತೆರೆಯೋಕಾಗಲ್ಲ, ಹಲ್ಲುಗಳು ಮೊದಲಿನಂತೆ ಕೂಡಲ್ಲ, ಕೆಲವರಿಗೆ ಕಿವಿ ಮಂದ. ಜೊಲ್ಲು ಗ್ರಂಥಿಯ ಗೆಡ್ಡೆ ಇರಬಹುದು ಅಂತ ಅನುಮಾನ ಬರೋದು ಸಹಜ. ಸಿಟಿ ಸ್ಕ್ಯಾನ್‌ನಲ್ಲಿ ಸುಣ್ಣಗಟ್ಟಿದ ಮುದ್ದೆ ಕಾಣುತ್ತೆ, ಕೆಲವೊಮ್ಮೆ ತಲೆಬುರುಡೆಯ ತಳದ ಮೂಳೆಯನ್ನೂ ಕೊರೆದಿರುತ್ತೆ. ಆಗ ಮೃದ್ವಸ್ಥಿಯ ಕ್ಯಾನ್ಸರ್ ಅನ್ನೋ ಭಯ. ನಿಜವಾದ ಕ್ಯಾನ್ಸರ್‌ಗೆ ಮಾಡೋ ದೊಡ್ಡ ಶಸ್ತ್ರಚಿಕಿತ್ಸೆಯನ್ನು ಹರಳಿಗೆ ಮಾಡಿಬಿಟ್ಟರೆ? ಮುಖದ ನರ ಹಾದುಹೋಗೋ ಜಾಗ ಅದು.

ಹಾಗಾಗಿ ಹರಳನ್ನು ಕಣ್ಣಾರೆ ನೋಡಬೇಕು. 1960ರ ದಶಕದ ಮೊದಲಲ್ಲಿ ಫಿಲಡೆಲ್ಫಿಯಾದಲ್ಲಿ ಡೇನಿಯಲ್ ಮೆಕಾರ್ಟಿ ಮತ್ತು ಸಂಗಡಿಗರು ಕೀಲಿನ ದ್ರವವನ್ನು ಧ್ರುವೀಕೃತ ಬೆಳಕಿನಲ್ಲಿ ನೋಡಿದರು. ಗೌಟ್‌ನ ಯೂರೇಟ್ ಹರಳು ಸೂಜಿಯಂತೆ, ಢಾಳಾಗಿ ಹೊಳೆಯುತ್ತೆ. ಗೌಟ್‌ನಂತೆಯೇ ನೋಯುತ್ತಿದ್ದ ಬೇರೆ ರೋಗಿಗಳಲ್ಲಿ ಸಿಕ್ಕಿದ್ದು ಮೋಟು ಆಯಾಕಾರದ, ಮಂಕು ಹರಳು. ಅದಕ್ಕೇ ‘ಸೂಡೋಗೌಟ್’, ಅಂದರೆ ಹುಸಿ ಗೌಟ್, ಅನ್ನೋ ಹೆಸರು ಬಿತ್ತು. ಸೂಕ್ಷ್ಮದರ್ಶಕಕ್ಕೆ ಇನ್ನೊಂದು ಫಲಕ ಸೇರಿಸಿ, ಹರಳನ್ನು ಅದರ ಅಕ್ಷಕ್ಕೆ ಸಮಾನಾಂತರವಾಗಿ ಇಟ್ಟರೆ, ಯೂರೇಟ್ ಹಳದಿ, ಪೈರೋಫಾಸ್ಫೇಟ್ ನೀಲಿ. ಬಣ್ಣವೇ ಸಾಕ್ಷಿ ಹೇಳುತ್ತೆ!

ಇಲ್ಲೊಂದು ಸಣ್ಣ ಸಂಗತಿ ಇದೆ, ನಮಗೆ ಬಹಳ ಮುಖ್ಯ ಅನ್ನಿಸಿದ್ದು. ಗಟ್ಟಿ ತುಣುಕನ್ನು ಕತ್ತರಿಸೋಕೆ ಪ್ರಯೋಗಾಲಯದಲ್ಲಿ ಆಮ್ಲದಲ್ಲಿ ನೆನೆಸಿ ಸುಣ್ಣ ತೆಗೀತಾರೆ. ಹಾಗೆ ಮಾಡಿದರೆ ಈ ಹರಳುಗಳೂ ಕರಗಿಹೋಗಬಹುದು. ಅಂದರೆ, ಸಾಕ್ಷಿಯನ್ನೇ ತೊಳೆದ ಹಾಗೆ. ತುಣುಕು ಕಳಿಸುವಾಗಲೇ ಶಸ್ತ್ರಚಿಕಿತ್ಸಕರು ‘ಹರಳಿನ ಅನುಮಾನ ಇದೆ’ ಅಂತ ಒಂದು ಸಾಲು ಬರೆದರೆ ಇದು ತಪ್ಪುತ್ತೆ.

ಚಿಕಿತ್ಸೆ ವಿಷಯದಲ್ಲಿ ಸಿಹಿಸುದ್ದಿ ಕಡಿಮೆ. ಗೌಟ್‌ಗೆ ಅಲೊಪ್ಯುರಿನಾಲ್ ಕೊಟ್ಟು ಯೂರಿಕ್ ಆಮ್ಲ ಇಳಿಸಿದರೆ ಕಾಲಕ್ರಮೇಣ ಹರಳು ಕರಗುತ್ತೆ. ಪೈರೋಫಾಸ್ಫೇಟ್ ಕರಗಿಸೋ ಔಷಧಿ ಇಲ್ಲ. ಉರಿಯೂತ ತಗ್ಗಿಸಬಹುದು ಅಷ್ಟೆ: ನೋವುನಿವಾರಕ, ಕಾಲ್ಚಿಸಿನ್, ಸ್ಟೀರಾಯ್ಡ್, ಕೀಲಿಗೆ ಸೂಜಿ ಹಾಕಿ ತೊಳೆಯೋದು. ಮೂತ್ರಪಿಂಡ ದುರ್ಬಲ ಇರೋ ಹಿರಿಯರಿಗೆ ಕಾಲ್ಚಿಸಿನ್ ಪ್ರಮಾಣದಲ್ಲಿ ಎಚ್ಚರ ಬೇಕು. ಮುದ್ದೆ ದೊಡ್ಡದಾಗಿ ಕೆಲಸಕ್ಕೆ ಅಡ್ಡಿಯಾದರೆ ತೆಗೀಬೇಕು. ಕೀಲೇ ಹಾಳಾಗಿದ್ದರೆ ಕೃತಕ ಕೀಲು ಕೂರಿಸ್ತಾರೆ.

ರೋಗಿಗೆ ಇನ್ನೂ 60 ಆಗಿಲ್ಲ ಅಂದ್ರೆ ಪ್ಯಾರಾಥೈರಾಯ್ಡ್ ಹಾರ್ಮೋನು, ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣಾಂಶ ಪರೀಕ್ಷಿಸಬೇಕು. ಬೇರೆ ಕಾಯಿಲೆ ಹಿಂದೆ ಅವಿತಿದ್ದರೆ ಸಿಕ್ಕಿಬೀಳೋದು ಅಲ್ಲೇ. ಮುದ್ದೆ ತೆಗೆದ ಮೇಲೂ ಮತ್ತೆ ಬೆಳೆಯೋ ಸಾಧ್ಯತೆ ಇರೋದರಿಂದ ಆಗಾಗ ಸ್ಕ್ಯಾನ್ ಮಾಡಿಸ್ತಾ ಇರಬೇಕಾಗುತ್ತೆ.