ಜಾಹೀರಾತಿನ ಮುಖ ಯಾರ ಸ್ವತ್ತು?

ಕಳೆದ ಶತಮಾನದ ಆರಂಭದಲ್ಲಿ ಅಮೆರಿಕದ ರಾಚೆಸ್ಟರ್ ನಗರದ ಯುವತಿಯೊಬ್ಬಳ ಭಾವಚಿತ್ರ ಇದ್ದಕ್ಕಿದ್ದಂತೆ ಅಂಗಡಿ, ಗೋದಾಮು, ಮದ್ಯದಂಗಡಿಗಳ ಗೋಡೆಗಳಲ್ಲಿ ರಾರಾಜಿಸತೊಡಗಿತು. ಹಿಟ್ಟಿನ ಕಂಪೆನಿಯೊಂದರ ಪ್ರಚಾರಕ್ಕಾಗಿ ಆಕೆಯನ್ನು ಒಂದು ಮಾತೂ ಕೇಳದೆ ಅದರ 25,000 ಪ್ರತಿಗಳನ್ನು ಅಚ್ಚು ಹಾಕಿಸಲಾಗಿತ್ತು. ಚಿತ್ರದಲ್ಲಿ ಅಸಭ್ಯವಾದುದೇನೂ ಇರಲಿಲ್ಲ. ಆದರೂ ಪರಿಚಿತರ ಗೇಲಿಗೆ ನೊಂದು ಹಾಸಿಗೆ ಹಿಡಿದ ಆಕೆ 15,000 ಡಾಲರ್ ಪರಿಹಾರ ಕೋರಿ ದಾವೆ ಹೂಡಿದಳು. 1902ರಲ್ಲಿ ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯವು 4-3ರ ಬಹುಮತದಿಂದ ಅದನ್ನು ತಳ್ಳಿಹಾಕಿತು. ಖಾಸಗಿತನದ ಹಕ್ಕೆಂಬುದು ಕಾನೂನಿನಲ್ಲಿ ಇಲ್ಲವೆಂಬುದೇ ತೀರ್ಪಿನ ಸಾರ. ಜನ ಕೆರಳಿದರು. ಮರುವರ್ಷವೇ ಶಾಸನಸಭೆಯು, ಲಿಖಿತ ಒಪ್ಪಿಗೆಯಿಲ್ಲದೆ ಬದುಕಿರುವ ವ್ಯಕ್ತಿಯ ಹೆಸರನ್ನಾಗಲಿ ಚಿತ್ರವನ್ನಾಗಲಿ ವ್ಯಾಪಾರಕ್ಕೆ ಬಳಸುವುದು ಅಪರಾಧವೆಂದು ಕಾಯ್ದೆ ಮಾಡಿತು. ತೀರ್ಪು ಬರೆದಿದ್ದ ನ್ಯಾಯಮೂರ್ತಿ ಆಲ್ಟನ್ ಪಾರ್ಕರ್ 1904ರಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದಾಗ ಛಾಯಾಗ್ರಾಹಕರ ಕಾಟದ ಬಗ್ಗೆ ದೂರಿದರಂತೆ. ಅದೇ ಯುವತಿ ಪತ್ರಿಕೆಯ ಮೂಲಕ ಅವರದೇ ತೀರ್ಪನ್ನು ಅವರಿಗೆ ನೆನಪಿಸಿದಳು.

ಅಂದರೆ, ಈ ಹಕ್ಕು ಹುಟ್ಟಿದ್ದು ಯಾವ ತಾರೆಗಾಗಿಯೂ ಅಲ್ಲ. ಯಾರಿಗೂ ಗೊತ್ತಿರದ ಒಬ್ಬ ಹುಡುಗಿಗಾಗಿ. ನಮ್ಮಲ್ಲಿಯೂ 1994ರ ರಾಜಗೋಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಮ್ಮತಿಯಿಲ್ಲದೆ ವ್ಯಕ್ತಿಯ ಹೆಸರು ಅಥವಾ ರೂಪವನ್ನು ಜಾಹೀರಾತಿಗೆ ಬಳಸುವುದನ್ನು ಖಾಸಗಿತನದ ಉಲ್ಲಂಘನೆಯ ಉದಾಹರಣೆಯಾಗಿಯೇ ನೀಡಿತು. 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಒಂಬತ್ತು ಮಂದಿಯ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು.

ಆದರೆ ಇದರ ಫಲ ಉಣ್ಣುತ್ತಿರುವವರು ಯಾರು? ಅಮಿತಾಭ್ ಮತ್ತು ಜಯಾ ಬಚ್ಚನ್ ಇದ್ದ ತನಿಷ್ಕ್ ಜಾಹೀರಾತನ್ನು ನಕಲು ಮಾಡಿದ ಆಭರಣ ವ್ಯಾಪಾರಿಯ ವಿರುದ್ಧ 2012ರಲ್ಲಿ ದೆಹಲಿ ಹೈಕೋರ್ಟ್ ತೀರ್ಪಿತ್ತಿತು. 2022ರಲ್ಲಿ ಅಮಿತಾಭ್, 2023ರಲ್ಲಿ ಅನಿಲ್ ಕಪೂರ್ ಅದೇ ನ್ಯಾಯಾಲಯದಿಂದ ವ್ಯಾಪಕ ತಡೆಯಾಜ್ಞೆ ಪಡೆದರು. ಅವರಿಗೆ ಅದು ಸಿಕ್ಕಿದ್ದು ತಪ್ಪಲ್ಲ. ಆದರೆ ತಾರೆಯ ಮುಖಕ್ಕೆ ಮಾರುಕಟ್ಟೆಯಲ್ಲಿ ದರವಿದೆ, ನಷ್ಟಕ್ಕೆ ಲೆಕ್ಕವಿದೆ. ಸಾಮಾನ್ಯರಿಗಾಗುವ ನಷ್ಟ ಯಾವ ಲೆಕ್ಕಪತ್ರಕ್ಕೂ ಸಿಗುವಂಥದ್ದಲ್ಲ.

2007ರ ಒಂದು ಪ್ರಕರಣ ನೋಡಿ. ಅಮೆರಿಕದ ಡಲ್ಲಾಸಿನ ಹೈಸ್ಕೂಲ್ ಬಾಲಕಿಯೊಬ್ಬಳ ಚಿತ್ರವನ್ನು ಪರಿಚಯಸ್ಥರೊಬ್ಬರು ಫ್ಲಿಕರ್ ತಾಣದಲ್ಲಿ, ವಾಣಿಜ್ಯ ಬಳಕೆಗೂ ಮುಕ್ತವೆಂಬ ಪರವಾನಗಿಯೊಡನೆ ಹಾಕಿದ್ದರು. ಅದು ಆಸ್ಟ್ರೇಲಿಯಾದ ಅಡಿಲೇಡಿನ ಬಸ್ ತಂಗುದಾಣದಲ್ಲಿ ವರ್ಜಿನ್ ಮೊಬೈಲ್ ಕಂಪೆನಿಯ ವ್ಯಂಗ್ಯದ ಜಾಹೀರಾತಾಯಿತು. ಚಿತ್ರದ ಹಕ್ಕು ತೆಗೆದವರದ್ದು, ನಿಜ. ಅದನ್ನು ಬಳಸಲು ಅವರು ಅನುಮತಿ ಕೊಟ್ಟರೆ ಚಿತ್ರದಲ್ಲಿರುವ ಮುಖವೂ ಅನುಮತಿ ಕೊಟ್ಟಂತಾಗುತ್ತದೆಯೇ? ಈ ಪ್ರಶ್ನೆಗೆ ಉತ್ತರವೇ ಸಿಗಲಿಲ್ಲ. ಆಸ್ಟ್ರೇಲಿಯಾದ ಕಂಪೆನಿ ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು 2009ರಲ್ಲಿ ಟೆಕ್ಸಾಸಿನ ಫೆಡರಲ್ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು.

ದೂರದ ಕತೆಯೆಂದು ಸುಮ್ಮನಿರುವಂತಿಲ್ಲ. 2025ರ ಮಾರ್ಚಿನಲ್ಲಿ ಬಾಂಬೆ ಹೈಕೋರ್ಟಿನ ಮುಂದೆ ಬಂದ ಮಹಿಳೆಯದೂ ಇದೇ ದೂರು. ಸ್ಥಳೀಯ ಛಾಯಾಗ್ರಾಹಕ ತೆಗೆದ ಚಿತ್ರ ಆಕೆಗೆ ತಿಳಿಯದಂತೆ ಶಟರ್‌ಸ್ಟಾಕ್ ತಾಣ ಸೇರಿ, ಅಲ್ಲಿಂದ ಸರ್ಕಾರಿ ಪ್ರಚಾರಗಳಲ್ಲಿ ಕಾಣಿಸಿಕೊಂಡಿತೆಂಬುದು ಆಕೆಯ ಅಹವಾಲು. ನ್ಯಾಯಾಲಯ ನೋಟಿಸ್ ನೀಡಿದ ನಾಲ್ಕು ರಾಜ್ಯ ಸರ್ಕಾರಗಳಲ್ಲಿ ಕರ್ನಾಟಕವೂ ಒಂದು.

ಯೋಜನೆಯ ಫಲಾನುಭವಿಯೆಂದು ಬಿಂಬಿತಳಾದ ಮಹಿಳೆ ಆ ಯೋಜನೆಯ ಹೆಸರನ್ನೇ ಕೇಳಿರದಿದ್ದರೆ ಅದು ಖಾಸಗಿತನದ ಪ್ರಶ್ನೆ ಮಾತ್ರವಲ್ಲ, ಸತ್ಯದ ಪ್ರಶ್ನೆಯೂ ಹೌದು. ಜಾಹೀರಾತು ಸಂಸ್ಥೆಗಳು ಬಿಲ್ಲಿನೊಡನೆ ಚಿತ್ರದಲ್ಲಿರುವವರ ಲಿಖಿತ ಒಪ್ಪಿಗೆಯನ್ನೂ ಲಗತ್ತಿಸಬೇಕೆಂದು ಒಂದು ಸಾಲಿನ ಸುತ್ತೋಲೆ ಹೊರಡಿಸಲು ಸರ್ಕಾರ ಯಾವ ತೀರ್ಪಿಗೂ ಕಾಯಬೇಕಿಲ್ಲ.