ಉಣ್ಣೆಯೊಳಗಣ ಉಣ್ಣೆ

ಕುರಿಯ ಮೈಯನ್ನು ಹೊದ್ದಿರುವ ತುಪ್ಪಟಕ್ಕೂ, ಆ ತುಪ್ಪಟದ ಬುಡದಲ್ಲಿ ಕಚ್ಚಿಕೊಂಡು ನೆತ್ತರನ್ನು ಹೀರುವ ಕ್ಷುದ್ರಜೀವಿಗೂ ನಮ್ಮ ನುಡಿಯಲ್ಲಿ ಉಣ್ಣೆಯೆಂಬ ಒಂದೇ ಹೆಸರು ಸಂದಿದೆ. ಮಂದೆಯನ್ನು ನೆಚ್ಚಿ ಬಾಳುವ ಕುರುಬನಿಗೆ ಮೊದಲನೆಯದು ಕಂಬಳಿಯಾಗುವ ಸಂಪತ್ತು. ಎರಡನೆಯದು ಆ ಸಂಪತ್ತಿನ ಮರೆಯಲ್ಲಿಯೇ ಅಡಗಿ ಅದನ್ನು ಕ್ಷಯಿಸುವ ಶತ್ರು. ಆದುದರಿಂದ ಔಷಧದ ಸೀಸೆಗೆ ಕೈಹಾಕುವ ಮುನ್ನ ತುಪ್ಪಟವನ್ನು ಬಿಡಿಸಿ ನೋಡುವುದೇ ಕುರಿಗಾಹಿಯ ಪ್ರಥಮ ಕರ್ತವ್ಯವೆನ್ನಬೇಕು.

ಕುರಿಯೊಂದು ಮೇವನ್ನು ಬಿಟ್ಟು ದೊಡ್ಡಿಯ ಗೂಟಕ್ಕೆ ಪದೇ ಪದೇ ಮೈಯುಜ್ಜುತ್ತಿದ್ದರೆ, ತನ್ನ ಪಕ್ಕೆಯನ್ನು ತಾನೇ ಕಚ್ಚಿಕೊಳ್ಳುತ್ತಿದ್ದರೆ, ಅದರ ತುಪ್ಪಟವು ಕುಚ್ಚುಕುಚ್ಚಾಗಿ ಕಿತ್ತು ಬೇಲಿಗೆ ಸಿಕ್ಕಿಕೊಂಡಿದ್ದರೆ, ಆ ಲಕ್ಷಣಗಳಿಂದ ಬಾಧೆಯುಂಟೆಂಬುದು ತಿಳಿಯುವುದೇ ಹೊರತು ಬಾಧಕರು ಯಾರೆಂಬುದು ತಿಳಿಯದು. ಕಿವಿಯ ಒಳಗೂ ತೊಡೆಯ ಸಂದಿನಲ್ಲಿಯೂ ಬಾಲದ ಬುಡದಲ್ಲಿಯೂ ಕಚ್ಚಿರುವ ಉಣ್ಣೆಗಳು ಬರಿಗಣ್ಣಿಗೇ ಗೋಚರಿಸುವುವು. ಹೇನುಗಳನ್ನು ಹಗಲಿನ ಬೆಳಕಿನಲ್ಲಿ ತುಪ್ಪಟವನ್ನು ಸೀಳಿ ಹುಡುಕಬೇಕು. ಕಜ್ಜಿಯನ್ನುಂಟುಮಾಡುವ ನುಸಿಗಳಾದರೋ ಅತಿಸೂಕ್ಷ್ಮವಾದುದರಿಂದ, ಹುಣ್ಣಿನ ನಡುವನ್ನು ಬಿಟ್ಟು, ರೋಗಗ್ರಸ್ತ ಚರ್ಮವೂ ಆರೋಗ್ಯವಂತ ಚರ್ಮವೂ ಕೂಡುವ ಅಂಚಿನಿಂದ ಹೆರೆದು ತೆಗೆದ ಸಿಪ್ಪೆಯನ್ನು ಪಶುವೈದ್ಯರು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕು. ಕಣ್ಣರೆಪ್ಪೆಯ ಒಳಬದಿ ಬಿಳಿಚಿಕೊಂಡಿದ್ದರೆ ರಕ್ತಹೀನತೆಯೆಂದು ತಿಳಿಯಬಹುದು. ಆದರೆ ಜಠರದ ಹುಳುಗಳಿಂದಲೂ ಹಾಗಾಗುವುದರಿಂದ ಹಿಕ್ಕೆಯ ಪರೀಕ್ಷೆಯನ್ನೂ ಮಾಡಿಸುವುದು ವಿಹಿತ.

ಈ ನಿರ್ಣಯಕ್ಕೆ ಇಷ್ಟು ಶ್ರಮವೇಕೆಂದರೆ, ಔಷಧಗಳ ಗುಣವು ಭಿನ್ನಭಿನ್ನವಾದುದು. ಚರ್ಮದಡಿಗೆ ಚುಚ್ಚುವ ಐವರ್ಮೆಕ್ಟಿನ್ ಕಜ್ಜಿಯ ನುಸಿಯನ್ನು ನಿಗ್ರಹಿಸುವುದಾದರೂ, ರಕ್ತವನ್ನು ಹೀರದೆ ಚರ್ಮದ ಹೊಟ್ಟನ್ನು ಕಡಿದು ತಿನ್ನುವ ಹೇನಿನ ವಿಷಯದಲ್ಲಿ ಅದನ್ನು ನೆಚ್ಚುವಂತಿಲ್ಲ. ಅದಕ್ಕೆ ಮೈಮೇಲೆ ಪ್ರಯೋಗಿಸುವ ಔಷಧವೇ ಬೇಕು. ಅಂತಹ ಔಷಧವನ್ನು ಬೆರೆಸಿದ ತೊಟ್ಟಿಯ ನೀರಿನಲ್ಲಿ ಕುರಿಯನ್ನು ಮುಳುಗಿಸಿ ಮೀಯಿಸುವುದೇ ಮಜ್ಜನ. ಇದಕ್ಕಾಗಿ 1852ರಲ್ಲಿ ಇಂಗ್ಲೆಂಡಿನ ಪಶುವೈದ್ಯ ವಿಲಿಯಂ ಕೂಪರ್ ಶಂಖಪಾಷಾಣವನ್ನೂ ಗಂಧಕವನ್ನೂ ಕೂಡಿಸಿ ಮಜ್ಜನದ ಪುಡಿಯನ್ನು ತಯಾರಿಸಿದನು. ಇಂದಿನ ಮಜ್ಜನೌಷಧಗಳು ಬೇರೆಯಾದರೂ ಅವೂ ವಿಷಗಳೇ ಆದುದರಿಂದ, ಕುರಿಗಳು ತೊಟ್ಟಿಯ ನೀರನ್ನು ಕುಡಿಯದಂತೆ ಮೊದಲೇ ಅವಕ್ಕೆ ನೀರುಣಿಸಿ, ಗಾಯಗೊಂಡವುಗಳನ್ನೂ ತುಂಬುಗಬ್ಬದವುಗಳನ್ನೂ ಬೇರ್ಪಡಿಸಿ, ಬಿಸಿಲೇರುವ ದಿನದ ಮುಂಜಾವಿನಲ್ಲಿ ಮೀಯಿಸತಕ್ಕದ್ದು. ಉಳಿದ ನೀರನ್ನು ಕೆರೆಗಾಗಲಿ ಹಳ್ಳಕ್ಕಾಗಲಿ ಸುರಿಯಲಾಗದು.

ತುರಿಸುವ ಒಂದು ಕುರಿಗೆ ಮಾತ್ರ ಔಷಧವಿತ್ತು ತೃಪ್ತರಾಗುವುದು ವ್ಯರ್ಥ. ಮಂದೆಯೆಲ್ಲಕ್ಕೂ ಏಕಕಾಲದಲ್ಲಿ ಚಿಕಿತ್ಸೆಯಾಗಬೇಕು. ಹೊಸದಾಗಿ ಕೊಂಡುತಂದ ಕುರಿಯನ್ನು ಕೆಲವು ವಾರ ಪ್ರತ್ಯೇಕವಾಗಿರಿಸಬೇಕು. ರಕ್ತ ತುಂಬಿ ಊದಿದ ಹೆಣ್ಣುಣ್ಣೆಯು ನೆಲಕ್ಕುದುರಿ, ದೊಡ್ಡಿಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆಗಳನ್ನಿಟ್ಟು ಸಾಯುವುದರಿಂದ, ಗೊಬ್ಬರವನ್ನು ತೆಗೆದು, ಬಿರುಕುಗಳನ್ನು ಮೆತ್ತಿ, ನೆಲಗೋಡೆಗಳಿಗೂ ಔಷಧವನ್ನು ಸಿಂಪಡಿಸದ ಹೊರತು ಆ ವಂಶವು ಅಳಿಯದು. ಹೇನಿನ ಸೀರುಗಳೂ ಬಹುಮಟ್ಟಿಗೆ ಮೊದಲ ಮಜ್ಜನಕ್ಕೆ ಸಾಯದೆ, ಸುಮಾರು ಹತ್ತು ದಿನಗಳಲ್ಲಿ ಒಡೆದು ಮರಿಯಾಗುವುವು. ಆದುದರಿಂದ ಎರಡು ವಾರಗಳ ತರುವಾಯ ತುಪ್ಪಟವನ್ನು ಮತ್ತೊಮ್ಮೆ ಬಿಡಿಸಿ ನೋಡಿ, ಚಿಕಿತ್ಸೆಯನ್ನು ಮತ್ತೊಮ್ಮೆ ನಡೆಸಿ, ಗೂಟಕ್ಕೆ ಮೈಯುಜ್ಜುತ್ತಿದ್ದ ಕುರಿಯು ನೆಮ್ಮದಿಯಿಂದ ಮಲಗಿ ಮೆಲುಕಾಡುವುದನ್ನು ಕಂಡ ಮೇಲೆಯೇ ಕುರಿಗಾಹಿಯು ಕೈತೊಳೆಯಬಹುದು.