ಬೆಳಕಿನ ಮರೆಯಲ್ಲಿ ಅಡಗುವ ಬೆಳಕು

ಕೆಲವು ದಿನಗಳ ಹಿಂದೆ ಶಿವಮೊಗ್ಗದಿಂದ ಭದ್ರಾವತಿಗೆ ಹೋಗಿದ್ದೆ. ಮುಚ್ಚಂಜೆಯ ಹೊತ್ತು. ಊರೊಳಗಿನ ರಸ್ತೆಯೊಂದರಲ್ಲಿ ಎದುರಿನಿಂದ ಬರುತ್ತಿದ್ದ ಮೋಟಾರ್ ಸೈಕಲ್ ನೇರವಾಗಿಯೇ ಸಾಗುವುದೆಂದು ನಾನು ಭಾವಿಸಿದ್ದೆ. ಅದು ಥಟ್ಟನೆ ಬಲಕ್ಕೆ, ನನ್ನ ದಾರಿಗೆ ಅಡ್ಡಲಾಗಿ ತಿರುಗಿತು. ಅದೃಷ್ಟವಶಾತ್ ಇಬ್ಬರ ಬ್ರೇಕುಗಳೂ ಸರಿಯಾಗಿದ್ದುವು. ಸವಾರನು ಕಾಲೇಜು ವಿದ್ಯಾರ್ಥಿ. “ಇಂಡಿಕೇಟರ್ ಹಾಕಿದ್ದೆನಲ್ಲಾ ಸಾರ್!” ಎಂದನು. ಹತ್ತಿರ ಹೋಗಿ ನೋಡಿದೆ. ದೀಪವು ನಿಜವಾಗಿಯೂ ಮಿನುಗುತ್ತಿದ್ದಿತು.

ಹಾಗಾದರೆ ನನಗೇಕೆ ಕಾಣಲಿಲ್ಲ? ಹೊರಕ್ಕೆ ಚಾಚಿದ ದೀಪಗಳು ಅಂದಗೆಡಿಸುತ್ತವೆಂದು ಅವನು ಅವುಗಳನ್ನು ಕಿತ್ತು, ಹೆಡ್‌ಲೈಟಿನ ಮಗ್ಗುಲಿಗೇ ಪುಟ್ಟ ಎಲ್‌ಇಡಿ ದೀಪಗಳನ್ನು ಕೂಡಿಸಿದ್ದನು. ತಪ್ಪಿದ್ದುದು ದೀಪದಲ್ಲಲ್ಲ, ಅದರ ತಾವಿನಲ್ಲಿ.

ಕಣ್ಣಿನೊಳಗಣ ಮಂಜು

ಮೂಲದಲ್ಲಿ ದೀಪವು ಹೆಡ್‌ಲೈಟಿನ ನಡುವಿನಿಂದ 24 ಸೆಂಟಿಮೀಟರ್ ದೂರದಲ್ಲಿದ್ದು, ಈಗ 12 ಸೆಂಟಿಮೀಟರಿಗೆ ಸರಿದಿದೆಯೆಂದು ಇಟ್ಟುಕೊಳ್ಳೋಣ. 50 ಮೀಟರ್ ದೂರದಲ್ಲಿರುವವನ ಕಣ್ಣಿನಲ್ಲಿ ಮೊದಲಿನ ಅಂತರವು ಸುಮಾರು 16 ಮಿನಿಟುಗಳ ಕೋನವನ್ನೂ, ಈಗಿನದು ಸುಮಾರು 8 ಮಿನಿಟುಗಳ ಕೋನವನ್ನೂ ಉಂಟುಮಾಡುವುವು. (ಒಂದು ಡಿಗ್ರಿಗೆ 60 ಮಿನಿಟು.) ಆರೋಗ್ಯವಾದ ಕಣ್ಣು 1 ಮಿನಿಟಿನಷ್ಟು ಕೋನದಲ್ಲಿರುವ ಎರಡು ಬಿಂದುಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲುದು. ಈ ಲೆಕ್ಕದಂತೆ 8 ಮಿನಿಟು ಧಾರಾಳವಾಗಿ ಸಾಲಬೇಕು. ಆದರೂ ಸಾಲುವುದಿಲ್ಲ!

ಕಾರಣವಿಷ್ಟೆ: ಪ್ರಖರವಾದ ಬೆಳಕು ಕಣ್ಣನ್ನು ಹೊಕ್ಕಾಗ ಅದರ ಅಲ್ಪಾಂಶವು ಕಣ್ಣಿನ ಮಸೂರ ಮೊದಲಾದ ಭಾಗಗಳಲ್ಲಿ ಚದುರಿ, ಅಕ್ಷಿಪಟಲದ ಮೇಲೆ ತೆಳುವಾದ ಮಂಜಿನಂತೆ ಹರಡುತ್ತದೆ. ಸಮೀಪದ ಮಂದ ಬೆಳಕು ಈ ಮಂಜಿನಲ್ಲಿ ಮುಳುಗಿಹೋಗುವುದು. 1926ರಲ್ಲಿ ಅಮೆರಿಕದ ಹಾಲಡೆಯೂ 1929ರಲ್ಲಿ ಇಂಗ್ಲೆಂಡಿನ ಸ್ಟೈಲ್ಸನೂ ಇದನ್ನು ಅಳೆದು ಪ್ರಕಟಿಸಿದರು. ಮಂಜಿನ ದಟ್ಟಣೆಯು ಸ್ಥೂಲವಾಗಿ ಕೋನದ ವರ್ಗಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ತೀರ ಕಿರಿದಾದ ಕೋನಗಳಲ್ಲಿ ಇನ್ನೂ ತೀವ್ರವಾಗಿ ಏರುತ್ತದೆ. ಅಂತರವನ್ನು ಅರ್ಧಮಾಡಿದರೆ ಮಂಜು ಇಮ್ಮಡಿಯಾಗುವುದಲ್ಲ, ಕಡಮೆಯೆಂದರೂ ನಾಲ್ಮಡಿಯಾಗುವುದು.

1960ರ ದಶಕದಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳನ್ನೇರಿದವರು ತಿರುಗುವಾಗ ಕೈ ಚಾಚುತ್ತಿದ್ದರು. ಚಾಚಿದ ಕೈ ದೀಪದಿಂದ ಸಾಕಷ್ಟು ದೂರವಿರುತ್ತಿದ್ದಿತು. ಹೊರಚಾಚಿದ ಇಂಡಿಕೇಟರು ಆ ಕೈಯ ಕೆಲಸವನ್ನೇ ಮಾಡುತ್ತದೆ. ನಮ್ಮ ದೇಶದಲ್ಲಿ 2017ರ ಏಪ್ರಿಲಿನಿಂದ ಹೊಸ ದ್ವಿಚಕ್ರವಾಹನಗಳ ಹೆಡ್‌ಲೈಟು ಎಂಜಿನ್ ಓಡುತ್ತಿರುವವರೆಗೂ ಉರಿಯುತ್ತಲೇ ಇರಬೇಕೆಂಬ ನಿಯಮ ಬಂದಿದೆ. ಆದುದರಿಂದ ಈ ಪ್ರಶ್ನೆ ಈಗ ಇರುಳಿಗೆ ಮಾತ್ರ ಸೀಮಿತವಲ್ಲ.

ನಿಯಮದೊಳಗಿನ ಭೌತಶಾಸ್ತ್ರ

ಮೋಟಾರ್ ಸೈಕಲ್ ದೀಪಗಳ ಜೋಡಣೆಯನ್ನು ಕುರಿತ ವಿಶ್ವಸಂಸ್ಥೆಯ 53ನೆಯ ನಿಯಮಾವಳಿಯನ್ನು ಓದಿದರೆ ಇದೇ ತತ್ತ್ವ ಅಲ್ಲಿ ಅಂಕಿಗಳ ರೂಪದಲ್ಲಿ ಕಾಣಸಿಗುತ್ತದೆ. ಮುಂದಿನ ಎರಡು ಇಂಡಿಕೇಟರುಗಳ ನಡುವೆ ಕನಿಷ್ಠ 240 ಮಿಲಿಮೀಟರ್ ಅಂತರವಿರಬೇಕು. ಹೆಡ್‌ಲೈಟಿನ ಅಂಚಿನಿಂದ 75 ಮಿಲಿಮೀಟರ್ ದೂರವಿದ್ದರೆ 90 ಕ್ಯಾಂಡೆಲಾ ಪ್ರಕಾಶತೀವ್ರತೆ ಸಾಕು; 40 ಮಿಲಿಮೀಟರಾದರೆ 175, 20 ಆದರೆ 250, ಅದಕ್ಕೂ ಸಮೀಪವಾದರೆ 400 ಕ್ಯಾಂಡೆಲಾ ಬೇಕು. ಸಮೀಪಕ್ಕೆ ಸರಿದಷ್ಟೂ ಬೆಳಕು ಹೆಚ್ಚಬೇಕೆಂಬುದೇ ಇದರ ಇಂಗಿತ. ನಮ್ಮ ವಿದ್ಯಾರ್ಥಿಯು ದೀಪವನ್ನು ಸಮೀಪಕ್ಕೆ ತಂದು, ಜೊತೆಗೆ ಕಿರಿದನ್ನೂ ಮಾಡಿದ್ದನು!

ಗಾಡಿಯನ್ನು ತಯಾರಕರು ನಿಗದಿಪಡಿಸಿದ ಮೂಲರೂಪದಿಂದ ಬದಲಿಸುವುದನ್ನು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು ನಿರ್ಬಂಧಿಸುತ್ತದೆ. ಮುರಿದ ದೀಪವನ್ನು ಬದಲಿಸುವಾಗಲೂ ಅದರ ಮೊದಲಿನ ತಾವನ್ನು ಕಾಯ್ದುಕೊಳ್ಳುವುದೇ ಲೇಸು.

ಅಂತಹ ಕೆಲಸದಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಅರ್ತ್. ಕೆಲವು ದೀಪಗಳಲ್ಲಿ ವಿದ್ಯುತ್ತು ಲೋಹದ ಕಾಂಡದ ಮೂಲಕವೇ ಗಾಡಿಯ ಚೌಕಟ್ಟಿಗೆ ಹಿಂದಿರುಗುತ್ತದೆ. ಅಂತಹುದನ್ನು ಪ್ಲಾಸ್ಟಿಕ್ಕಿನ ಅಥವಾ ಬಣ್ಣ ಬಳಿದ ಭಾಗದ ಮೇಲೆ ಕೂಡಿಸಿದರೆ ಮಂಡಲವು ಕಡಿದುಹೋಗುವುದು. ಬೇರೆ ತಂತಿಯೇ ಬೇಕು. ಎರಡನೆಯದು, ವಯರಿನ ಉದ್ದ. ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿಯಾಗಿ ತಿರುಗಿಸಿದಾಗಲೂ ವಯರು ಬಿಗಿಯಬಾರದು. ಮೂರನೆಯದು, ಫ್ಲಾಷರ್. 12 ವೋಲ್ಟಿನಲ್ಲಿ 10 ವಾಟಿನ ಎರಡು ಬಲ್ಬುಗಳು ಸುಮಾರು 1.7 ಆಂಪೇರ್ ವಿದ್ಯುತ್ತನ್ನು ಸೆಳೆಯುತ್ತವೆ. ಎಲ್‌ಇಡಿಗಳು ಸೆಳೆಯುವುದು ಅದರ ಅಲ್ಪಾಂಶವನ್ನು ಮಾತ್ರ. ಬಲ್ಬಿಗೆಂದೇ ರಚಿಸಿದ ಫ್ಲಾಷರಿನ ಲಯ ಇದರಿಂದ ಕೆಡಬಹುದು. ಮಿನುಗು ನಿಮಿಷಕ್ಕೆ 60ರಿಂದ 120 ಸಲ ಇರಬೇಕಾದುದು ಕ್ರಮ.

ಓದುಗರು ಇದನ್ನು ತಾವೇ ಪರೀಕ್ಷಿಸಬಹುದು. ಮುಸ್ಸಂಜೆಯಲ್ಲಿ, ವಾಹನಸಂಚಾರವಿಲ್ಲದ ಬಯಲಿನಲ್ಲಿ ಗಾಡಿಯನ್ನು ನಿಲ್ಲಿಸಿ, ಹೆಡ್‌ಲೈಟನ್ನೂ ಇಂಡಿಕೇಟರನ್ನೂ ಉರಿಸಿರಿ. ಗೆಳೆಯನೊಬ್ಬನು ಗಾಡಿಯ ಪಕ್ಕದಲ್ಲಿರಲಿ. ನೀವು ಐವತ್ತು ಹೆಜ್ಜೆ ದೂರ ಹೋಗಿ ನೋಡಿರಿ. ಬಳಿಕ ಗೆಳೆಯನು ಹೆಡ್‌ಲೈಟಿನ ಮುಂದೆ ರಟ್ಟೊಂದನ್ನು ಹಿಡಿಯಲಿ. ದೀಪ ಅದೇ, ದೂರ ಅದೇ. ಆದರೆ ಕಾಣುವ ಬಗೆಯಲ್ಲಿ ಎಂತಹ ವ್ಯತ್ಯಾಸ!

ಗಂಟೆಗೆ 60 ಕಿಲೋಮೀಟರ್ ವೇಗದ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗುತ್ತದೆ. ಬಲಕ್ಕೆ ತಿರುಗುವ ಸವಾರನ ಸುರಕ್ಷತೆ ಎದುರಿನವನ ಕಣ್ಣಿನಲ್ಲಿದೆ. ಅವನಿಗೆ ಆ ಒಂದು ಸೆಕೆಂಡನ್ನು ಒದಗಿಸಿಕೊಡುವುದು ಅಂದಗೆಟ್ಟದ್ದೆಂದು ನಾವು ಕಿತ್ತೊಗೆಯುವ ಆ ಗೇಣುದ್ದದ ಕಾಂಡವೇ.